ಕೆಳತೊಟ್ಟಿಯ ಪೈರು

ತುರ್ವಿಹಾಳ
8 ಜೂನ್ 2025

ಚಿ. ಅಂಬಿಕಾಳಿಗೆ,

ಮೀನು ಬದುಕಿದೆ. ಸುದ್ದಿ ತಂದವಳು ನಿನ್ನ ಅತ್ತೆ. ಬೆಳಿಗ್ಗೆ ಕಸ ಹೊಡೆಯುತ್ತ, "ಬರ್ರೀ ಇಲ್ಲಿ, ನಿಮ್ಮ ಸೊಸಿ ಮೀನ ಕಲ್ಲಿನ ಮ್ಯಾಲ ಕುಂತೈತಿ, ನಿಮ್ಮಂಗ ಮಾರಿ ಉಬ್ಬಿಸಿಕೊಂಡು" ಎಂದಳು. ನಾನು ಹೋಗಿ ಖಚಿತಪಡಿಸಿಕೊಂಡೆ.

ಊರಿಗೆಲ್ಲ ಪೇಪರ್ ಹಂಚಿ ವಯಸ್ಸು ಕಳೆದವನು ನಾನು. ಸುದ್ದಿ ಮೊದಲು, ಕಾರಣ ಆಮೇಲೆ ಹೇಳುವುದು ನನಗೆ ರೂಢಿ. ಕಾರಣ ಇದು. ನನ್ನ ಫೋನಿನಿಂದ ಮಲ್ಲೇಶ ನಿನ್ನ ಮೇಲೆ ಕೂಗಾಡಿದ ಮೇಲೆ ನೀನು ಈ ನಂಬರನ್ನು ಬ್ಲಾಕ್ ಮಾಡಿದ್ದೀ. ಸರಿಯಾಗಿಯೇ ಮಾಡಿದ್ದೀ. ಅವನು ಈಗ ಮಸ್ಕಿಯಲ್ಲಿದ್ದಾನೆ. ನನ್ನ ಮಗನಾದರೂ ಅವನ ಬಗ್ಗೆ ಹೆಚ್ಚಿಗೆ ಬರೆಯುವುದಿಲ್ಲ. ನೀವಿಬ್ಬರೂ ಒಪ್ಪಿ ಸಹಿ ಹಾಕಿದ ವಿಚ್ಛೇದನದ ಅರ್ಜಿ ಸಿಂಧನೂರಿನ ಕೋರ್ಟಿನಲ್ಲಿದೆ. ಆರು ತಿಂಗಳು ಕಾಯಬೇಕೆಂದು ವಕೀಲರು ಹೇಳಿದ್ದಾರೆ. ಅದು ಮುಗಿಯುವವರೆಗೆ ನಿನ್ನ ಮೀನನ್ನು ಉಳಿಸಿಕೊಡುವುದು ನನ್ನ ಕೆಲಸ. ಮುಗಿದ ಮೇಲೆ ಈ ಮನೆಗೂ ನಿನಗೂ ಏನು ಉಳಿಯುತ್ತದೆ ಎಂಬುದು ನನಗೆ ಗೊತ್ತಿಲ್ಲ.

ಈ ಕಾಗದವನ್ನು ಸಿಂಧನೂರು–ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಮೆಹರಬಾನು ತಂದುಕೊಡುತ್ತಾಳೆ. ಸಿಂಧನೂರಿನ ಕಾಲೇಜಿನಲ್ಲಿ ನಿನ್ನ ವಿದ್ಯಾರ್ಥಿನಿಯಾಗಿದ್ದಳಂತೆ. "ಮೇಡಮ್ಮಾರ ಕಾಗದ ಅಂದ್ರ ನಾ ಟಿಕೀಟ್ ಹರಿಯಂಗಿಲ್ರೀ" ಎಂದಳು.

ಹೊರಡುವ ದಿನ ನೀನು ಬಾಗಿಲಲ್ಲಿ ನಿಂತು ಅವಸರದಲ್ಲಿ ಹೇಳಿದ್ದನ್ನೆಲ್ಲ ನಡೆಸುತ್ತಿದ್ದೇನೆ. ಮೇಲಿನ ತೊಟ್ಟಿಗೆ ಹಗಲು ದೀಪ, ಕೆಳಗಿನ ತೊಟ್ಟಿಗೆ ರಾತ್ರಿ ದೀಪ. ಯಾಕೆ ಎಂದು ಅಂದು ಕೇಳಲಿಲ್ಲ. ನಿನ್ನ ಅತ್ತೆ ದಿನಾ ಕೇಳುತ್ತಾಳೆ: "ದೇವ್ರ ಮುಂದ ಹಚ್ಚಾಕ ಎಣ್ಣಿ ಲೆಕ್ಕ ಹಾಕ್ತೀರಿ, ಪಾಚಿಗಿ ರಾತ್ರಿ ಪೂರಾ ಲೈಟ್ ಹಚ್ಚೀರಿ. ಅದೇನ್ ಪರೀಕ್ಷಾಕ ಓದಾಕತ್ತೈತೇನು?" ಉತ್ತರ ಬರೆದು ಕಳಿಸು. ಅವಳಿಗೆ ಓದಿ ಹೇಳುತ್ತೇನೆ.

ನಿನ್ನ ಮಾವ,
ಮುದುಕಪ್ಪ

———

ಲಿಂಗಸುಗೂರು
12 ಜೂನ್ 2025

ಮಾವಾರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಉಸಿರು ಬಿಟ್ಟೆ. ನನ್ನ ರೂಮು ಎರಡನೇ ಮಹಡಿಯಲ್ಲಿದೆ. ಅಷ್ಟು ಉಪ್ಪುನೀರಿನ ಭಾರವನ್ನು ಮೇಲೇರಿಸಲು ಮಾಲೀಕರು ಒಪ್ಪಲಿಲ್ಲ. ಬೇರೆ ದಾರಿಯಿದ್ದರೆ ನಿಮಗೆ ಈ ತೊಂದರೆ ಕೊಡುತ್ತಿರಲಿಲ್ಲ.

ಅತ್ತೆಗೆ ಹೀಗೆ ಹೇಳಿ. ಮೇಲಿನ ತೊಟ್ಟಿಯ ಎರಡು ಕಿತ್ತಳೆ ಮೀನುಗಳು ನೀವು ಹಾಕುವ ಕಾಳು ತಿಂದು ನೀರನ್ನು ಹೊಲಸು ಮಾಡುತ್ತವೆ. ಆ ನೀರು ಪೈಪಿನಲ್ಲಿ ಇಳಿದು ಕೆಳತೊಟ್ಟಿಗೆ ಬರುತ್ತದೆ. ನಾವು ಅದನ್ನು ರೆಫ್ಯೂಜಿಯಂ ಎನ್ನುತ್ತೇವೆ, ಆಸರೆಯ ಜಾಗ ಎಂದು ಅರ್ಥ. ಅಲ್ಲಿ ನೈಲಾನ್ ದಾರ ಗಂಟುಬಿದ್ದಂತೆ ಕಾಣುವ ಹಸಿರು ಉಂಡೆಯಿದೆಯಲ್ಲ, ಅದು ಕೇಟೊ, ಕಡಲ ಪಾಚಿ. ಹೊಲಸನ್ನೇ ಗೊಬ್ಬರವಾಗಿ ತಿಂದು ನೀರನ್ನು ತಿಳಿಮಾಡಿ ಮೇಲಕ್ಕೆ ಕಳಿಸುತ್ತದೆ. ಕತ್ತಲಾದರೆ ನೀರಿನಲ್ಲಿ ಹುಳಿ ಏರುತ್ತದೆ. ಆಗ ಕೆಳಗೆ ದೀಪವಿದ್ದರೆ ಕೇಟೊ ಅದನ್ನೂ ಹೀರಿಕೊಳ್ಳುತ್ತದೆ. ಮೇಲಿನವರು ಮಲಗಿದಾಗ ಕೆಳಗಿನವರು ಎಚ್ಚರವಾಗಿರಬೇಕು, ಅಷ್ಟೆ.

ಇನ್ನೊಂದು ಮುಖ್ಯ ವಿಷಯ. ಅತ್ತೆ ಮಾರಿ ಉಬ್ಬಿಸಿಕೊಂಡಿದೆ ಎಂದ ಆ ನೀಲಿ ಬಣ್ಣದ ಮೀನು, ಮ್ಯಾಂಡರಿನ್, ನೀವು ಹಾಕುವ ಕಾಳನ್ನು ಮುಟ್ಟುವುದಿಲ್ಲ. ಕೇಟೊ ಎಳೆಗಳ ನಡುವೆ ಕಣ್ಣಿಗೆ ಕಂಡೂ ಕಾಣದಂಥ ಹುಳಗಳಿವೆ. ಅವು ಮರಿ ಹಾಕಿ ನೀರಿನ ಜೊತೆ ಮೇಲೆ ಬರುತ್ತವೆ. ಅವೇ ಅದರ ಊಟ, ಬೇರೆ ಊಟವಿಲ್ಲ. ಕೇಟೊ ಹೋದರೆ ಹುಳ ಹೋಗುತ್ತವೆ. ಹುಳ ಹೋದರೆ ಮೀನು ಹಸಿದು ಸಾಯುತ್ತದೆ.

ಬಿಸಿಲಿಗೆ ನೀರು ಆರಿ ಕಡಿಮೆಯಾದಾಗ ಫಿಲ್ಟರ್ ಘಟಕದ ಸಿಹಿನೀರನ್ನೇ ಹಾಕಿ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಕಾಲುವೆಯ ನೀರು ಬೇಡವೇ ಬೇಡ. ಉಂಡೆ ಬೆಳೆದು ತೊಟ್ಟಿ ತುಂಬಿದರೆ ಮೂರರಲ್ಲಿ ಒಂದು ಪಾಲು ಹರಿದು ತೆಗೆಯಿರಿ. ಇಲ್ಲದಿದ್ದರೆ ನಡುವಿನದಕ್ಕೆ ಬೆಳಕು ಸಿಗದೆ ಕೊಳೆಯುತ್ತದೆ. ಅದನ್ನು ನಿಮ್ಮ ಪೈರು ಎಂದುಕೊಳ್ಳಿ. ಮೇಲಿನ ಗಾಜಿಗೆ ಹತ್ತುವ ಹಸಿರು ಕಳೆ. ಅದನ್ನು ತೆಗೆಯುತ್ತಿರಿ.

ನೋಡಲು ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ
ಅಂಬಿಕಾ

———

ತುರ್ವಿಹಾಳ
6 ಜುಲೈ 2025

ಚಿ. ಅಂಬಿಕಾಳಿಗೆ,

ಕೆಳತೊಟ್ಟಿಯಲ್ಲಿ ಹುಳಗಳಿರುವುದು ನಿಜ. ಕಂಡವನು ನಾನು, ಸಾಕ್ಷಿ ಪಕ್ಕದ ಮನೆಯ ಗಂಗಾ.

ಪೇಪರಿನ ಸಣ್ಣ ಅಕ್ಷರ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಗಾಜಿಗೆ ಹಿಡಿದೆ. ಮೊದಲು ಧೂಳು ಎಂದುಕೊಂಡೆ. ಆ ಧೂಳು ನೆಗೆಯಿತು. ಒಂದು ಎಳೆಯಿಂದ ಇನ್ನೊಂದಕ್ಕೆ ನೆಗೆದು, ನಿಂತು, ಮತ್ತೆ ನೆಗೆಯಿತು. ಒಂದರ ಹಿಂಭಾಗದಲ್ಲಿ ಎರಡು ಚೀಲಗಳಿದ್ದವು. ತತ್ತಿ ಇರಬಹುದೇ? ಹಿಟ್ಟಿನ ಕಣಕ್ಕಿಂತ ಸಣ್ಣ ಜೀವ, ಅದರ ಬೆನ್ನಿಗೆ ಅದರ ಸಂಸಾರ. ನಾನು ಕುಕ್ಕರಗಾಲಿನಲ್ಲಿ ಕುಳಿತವನು ಏಳುವುದನ್ನೇ ಮರೆತೆ. ಗಂಗಾಳನ್ನು ಕರೆದು ಭೂತಗನ್ನಡಿ ಕೊಟ್ಟೆ.

"ಯವ್ವಾ! ಕಾಕಾ, ಇವಕ್ಕ ಕಾಲ್ ಅದಾವ್ರೀ!"

"ಮತ್ತೇನ್ ಗಾಲಿ ಇರ್ತಾವೇನ?" ಎಂದು ನಿನ್ನ ಅತ್ತೆ ಒಲೆಯ ಮುಂದಿನಿಂದಲೇ ಹೇಳಿದಳು. ಹತ್ತು ನಿಮಿಷದ ಮೇಲೆ ಬಂದು, "ಏ, ಸರೀ ಅತ್ತಾಗ" ಎಂದು ಗಂಗಾಳನ್ನು ಸರಿಸಿ ಕುಳಿತಳು. ಆ ದಿನ ಸಾರು ಸೀದಿತು.

ಈಗ ಅವಳು ನಿನ್ನ ಮೀನಿಗೆ ಸೆರಗಿನ ಮೀನು ಎಂದು ಹೆಸರಿಟ್ಟಿದ್ದಾಳೆ. ಇಳಕಲ್ ಸೀರೆಯ ಸೆರಗನ್ನು ಯಾರೋ ನೀರಿನಲ್ಲಿ ಬಿಟ್ಟಂತಿದೆ ಎಂಬುದು ಅವಳ ಮಾತು. ಒಪ್ಪತಕ್ಕದ್ದೇ.

ಉಂಡೆಯನ್ನು ನೀನು ಹೇಳಿದಂತೆ ಹರಿದೆ. ಹರಿಯುವಾಗ ಕೈ ಹಿಂದೆಗೆಯಿತು. ಭತ್ತದ ಸಸಿಯನ್ನು ಮಡಿಯಿಂದ ಕೀಳುತ್ತೇವೆ, ಆದರೆ ಬೇರು ಸಮೇತ ಕೀಳುತ್ತೇವೆ. ಇದಕ್ಕೆ ಬೇರಿಲ್ಲ, ಬುಡವಿಲ್ಲ, ತುದಿಯಿಲ್ಲ. ಎಲ್ಲಿ ಹರಿದರೂ ಎರಡೂ ಕಡೆ ಪೂರ್ತಿ ಗಿಡ. ಹರಿದ ಜಾಗ ಮುಂದಿನ ವಾರದೊಳಗೆ ತುಂಬಿತು. ದೀಪದ ಕೆಳಗೆ ಎಳೆ ಎಳೆಗೂ ಗಾಳಿಯ ಗುಳ್ಳೆ ಹತ್ತಿ, ಮುತ್ತು ಪೋಣಿಸಿದಂತೆ ಕಾಣುತ್ತದೆ. ಅದು ಬಿಡುವ ಉಸಿರು ತಾನೆ? ನಾನು ಸಮುದ್ರ ನೋಡಿದವನಲ್ಲ. ನಡುಮನೆಯಲ್ಲಿ ಅದು ಉಸಿರಾಡುವುದನ್ನು ನೋಡುತ್ತಿದ್ದೇನೆ.

ನಿನ್ನ ಮಾವ,
ಮುದುಕಪ್ಪ

———

ತುರ್ವಿಹಾಳ
3 ಆಗಸ್ಟ್ 2025

ಚಿ. ಅಂಬಿಕಾಳಿಗೆ,

ಮೇಲಿನ ತೊಟ್ಟಿಯ ಕಳೆ ಪೂರ್ತಿ ಹೋಗಿದೆ. ಗಾಜು ಈಗ ಕನ್ನಡಿಯಂತಿದೆ ಎಂದು ನಿನ್ನ ಅತ್ತೆ ಹೇಳಿದ್ದಾಳೆ.

ಕಾಲುವೆಗೆ ನೀರು ಬಂದು ನಮ್ಮ ನಾಟಿ ಮುಗಿಯಿತು. ಗದ್ದೆಯಲ್ಲೂ ಪಾಚಿ, ಗಾಜಿನ ಮೇಲೂ ಪಾಚಿ. ಕೆರೆದು ಕೆರೆದು ಬೇಸತ್ತೆ. ಪೈರಿನ ಊಟವನ್ನು ಕಳೆ ತಿನ್ನುತ್ತಿದೆ ಎಂಬ ಚಿಂತೆಯಾಯಿತು. ಗದ್ದೆಗೆ ನೀರು ಹಾಯುವ ಬಾಯಿಯಲ್ಲಿ ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ಪಾಚಿ ಕರಗುತ್ತದೆ, ಭತ್ತಕ್ಕೆ ಏನೂ ಆಗುವುದಿಲ್ಲ. ಅದೇ ಪದ್ಧತಿಯನ್ನು ಇಲ್ಲೂ ಅನುಸರಿಸಿದೆ. ಹೆಚ್ಚಿಗೆ ಹಾಕಲಿಲ್ಲ. ಜೋಳದ ಕಾಳಿನಷ್ಟು ಹರಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಪೈಪಿನ ಬಾಯಿಗೆ ತೂಗಿಬಿಟ್ಟಿದ್ದೇನೆ. ಎರಡು ದಿನದಲ್ಲಿ ಗಾಜು ಬೆಳ್ಳಗಾಯಿತು.

ಗಾಜಿಗೆ ಹತ್ತಿಕೊಂಡಿರುತ್ತಿದ್ದ ಬಸವನಹುಳುಗಳು ಕೆಳಗೆ ಬಿದ್ದಿವೆ. ತಿನ್ನಲು ಪಾಚಿ ಇಲ್ಲದ್ದಕ್ಕೆ ಮಲಗಿರಬೇಕು. ಕೇಟೊ ಸ್ವಲ್ಪ ಬಿಳಿಚಿದೆ. ಗೊಬ್ಬರ ಏನಾದರೂ ಬೇಕಾದರೆ ತಿಳಿಸು.

ನಿನ್ನ ಮಾವ,
ಮುದುಕಪ್ಪ

———

ಲಿಂಗಸುಗೂರು
6 ಆಗಸ್ಟ್ 2025

ಮಾವಾರಿಗೆ,

ನಿನ್ನೆ ಗಂಗಾಳ ಫೋನಿಗೆ ಮಾಡಿ ನಿಮ್ಮ ಮೇಲೆ ಕೂಗಾಡಿದೆ. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೀವು ಒಂದು ಎದುರು ಮಾತೂ ಆಡದೆ, "ಹೇಳವ್ವಾ, ಏನ್ ಮಾಡಬೇಕು ಹೇಳು" ಎಂದಿರಿ. ಅದನ್ನು ಕೇಳಿದ ಮೇಲೆ ನನ್ನ ದನಿ ಇಳಿಯಿತು.

ಪೈರು, ಕಳೆ ಎಂದು ಬರೆದವಳು ನಾನು. ಗದ್ದೆಯ ಮನುಷ್ಯರಿಗೆ ಗದ್ದೆಯ ಮಾತು ಕೊಟ್ಟೆ, ನೀವು ಗದ್ದೆಯ ಮದ್ದು ಹಾಕಿದಿರಿ. ಗಾಜಿನ ಹಸಿರೂ ಪಾಚಿ, ಕೇಟೊವೂ ಪಾಚಿ. ಮೈಲುತುತ್ತದಲ್ಲಿರುವುದು ತಾಮ್ರ. ಅದು ಪಾಚಿಯನ್ನು ಕೊಲ್ಲುತ್ತದೆ. ಹುಳ, ಬಸವನಹುಳುಗಳನ್ನು ಅದಕ್ಕಿಂತ ಬೇಗ ಕೊಲ್ಲುತ್ತದೆ. ಮೀನು ತಡೆದುಕೊಳ್ಳಬಹುದು. ಆದರೆ ಕಲ್ಲುಗಳು ತಾಮ್ರವನ್ನು ಹೀರಿ ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತವೆ. ಆ ತೊಟ್ಟಿಯಲ್ಲಿ ಮತ್ತೆ ಹುಳ ಬದುಕುವುದಿಲ್ಲ.

ಮೆಹರಬಾನು ಜೊತೆ ಉಪ್ಪಿನ ಚೀಲ, ಉಳಿದ ತಾಮ್ರ ಹೀರಲು ಇದ್ದಿಲಿನ ಪುಡಿಯ ಪೊಟ್ಟಣ ಕಳಿಸಿದ್ದೇನೆ. ಹೊಸ ಗಾಜಿನ ತೊಟ್ಟಿ, ಕೆಳಗೆ ಒಂದು ಹೊಸ ಪ್ಲಾಸ್ಟಿಕ್ ಟಬ್ಬು ಬೇಕು. ಗದ್ದೆಯ ಮದ್ದು ಮುಟ್ಟಿದ ಬಕೆಟ್ಟು, ಕೈ ಯಾವುದೂ ತಾಗಬಾರದು. ಹಳೆಯ ಕಲ್ಲು ಒಂದನ್ನೂ ಹಾಕಬೇಡಿ. ಪಂಪು, ದೀಪ ತೊಳೆದು ಬಳಸಿ. ಉಪ್ಪನ್ನು ಅಳೆಯುವ ತೇಲುಕಡ್ಡಿಯ ಗೆರೆಗೆ ಸರಿಯಾಗಿ ಕಲಸಿ, ಪಂಪಿನಲ್ಲಿ ಒಂದು ದಿನ ತಿರುಗಲು ಬಿಟ್ಟು, ಆಮೇಲೆ ಮೀನು ಬಿಡಿ.

ಅಂಬಿಕಾ

———

ತುರ್ವಿಹಾಳ
17 ಆಗಸ್ಟ್ 2025

ಚಿ. ಅಂಬಿಕಾಳಿಗೆ,

ಮೂರೂ ಮೀನು ಹೊಸ ತೊಟ್ಟಿಯಲ್ಲಿ ಬದುಕಿವೆ. ಬಸವನಹುಳು ಒಂದೂ ಇಲ್ಲ. ಕೇಟೊ ಇಲ್ಲ. ಹುಳ ಇಲ್ಲ. ಭೂತಗನ್ನಡಿ ಹಿಡಿದು ಹಳೆಯ ಕೆಳತೊಟ್ಟಿಯನ್ನು ನಾನೇ ನೋಡಿದ್ದೇನೆ. ಕೇಟೊ ತೊಳೆದ ಸೆಣಬಿನಂತೆ ಬೆಳ್ಳಗಾಗಿ ಬೆರಳಿಗೆ ಹತ್ತುತ್ತದೆ. ಏನೂ ನೆಗೆಯಲಿಲ್ಲ.

ಕಿತ್ತಳೆ ಮೀನುಗಳು ಕಾಳು ತಿನ್ನುತ್ತಿವೆ. ಸೆರಗಿನ ಮೀನು ತಿನ್ನುತ್ತಿಲ್ಲ. ಗಾಜಿನ ತಳವನ್ನು ಇಂಚಿಂಚು ಹುಡುಕುತ್ತದೆ, ಏನೂ ಸಿಗದೆ ಮುಂದೆ ಹೋಗುತ್ತದೆ. ದಿನವೆಲ್ಲ ಇದೇ. ಹೊಟ್ಟೆಯ ಎರಡು ಬದಿ ಒಳಗೆ ಹೋಗಿವೆ. ನಿನ್ನ ಅತ್ತೆ ನುಚ್ಚನ್ನು ಹಿಟ್ಟಿನಂತೆ ಅರೆದು ಹಾಕಲು ಬಂದಳು, ನಾನು ತಡೆದೆ. "ಮತ್ತ ಏನ್ ತಿನ್ನಬೇಕ್ರೀ ಅದು? ನಿಮ್ಮ ಮಾರಿ ನೋಡಿ ಹೊಟ್ಟಿ ತುಂಬಿಸಿಕೊಳ್ಳಬೇಕೇನು?" ಎಂದಳು. ಆಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಳು. ಊಟಕ್ಕೆ ಕರೆದರೂ ಬೇಗ ಏಳಲಿಲ್ಲ.

ಸಿಂಧನೂರಿನ ಎಲ್ಲ ಮೀನಿನ ಅಂಗಡಿಗಳಲ್ಲಿ ಕೇಳಿದೆ. ಕಡಲ ಪಾಚಿ ಎಂದರೆ ಒಬ್ಬ ನಕ್ಕ. "ಕಾಕಾ, ಸಿಂಧನೂರಾಗ ಸಮುದ್ರ ಎಲ್ಲೈತ್ರೀ" ಎಂದ. ನಮ್ಮ ನಡುಮನೆಯಲ್ಲಿ ಇತ್ತು ಎಂದು ಹೇಳಲಿಲ್ಲ.

ಮುದುಕಪ್ಪ

———

ಲಿಂಗಸುಗೂರು
20 ಆಗಸ್ಟ್ 2025

ಮಾವಾರಿಗೆ,

ಬಾಟಲಿಯಲ್ಲಿರುವುದು ಕೇಟೊ. ಹೊರಡುವ ದಿನ ಒಂದು ಹಿಡಿ ತಂದು ಕಾಲೇಜಿನ ಲ್ಯಾಬಿನ ಕಿಟಕಿಯಲ್ಲಿ ಸಾಕಿದ್ದೆ. ಅರ್ಧ ಹರಿದು ಕಳಿಸಿದ್ದೇನೆ. ಬಾಟಲಿಯ ನೀರನ್ನು ಚೆಲ್ಲಬೇಡಿ, ಹುಳಗಳಿರುವುದು ಅದರಲ್ಲೇ. ನೀರಿನ ಅರ್ಧವನ್ನು ಮೀನಿನ ತೊಟ್ಟಿಗೆ, ಉಳಿದದ್ದನ್ನು ಕೇಟೊ ಸಮೇತ ಟಬ್ಬಿಗೆ ಹಾಕಿ.

ಟಬ್ಬಿನಲ್ಲಿ ಹುಳ ಹೆಚ್ಚುವವರೆಗೆ ವಾರಕ್ಕೊಂದು ಬಾಟಲಿ ಕಳಿಸುತ್ತೇನೆ. ನನ್ನ ಕಿಟಕಿಯದು ಸಣ್ಣ ಜಾಡಿ. ಅಷ್ಟರಲ್ಲಿ ಮೀನು ಉಳಿಯುತ್ತದೆಂದು ಮಾತು ಕೊಡಲಾರೆ.

ಅತ್ತೆ ಊಟ ಬಿಡಬಾರದು ಎಂದು ಹೇಳಿ.

ಅಂಬಿಕಾ

———

ತುರ್ವಿಹಾಳ
5 ಅಕ್ಟೋಬರ್ 2025

ಚಿ. ಅಂಬಿಕಾಳಿಗೆ,

ಸೆರಗಿನ ಮೀನಿನ ಹೊಟ್ಟೆ ತುಂಬಿದೆ. ಇದನ್ನು ಹೇಳಿದವನು ಮಲ್ಲೇಶ.

ಹೇಗೆಂದು ವಿವರವಾಗಿ ಬರೆಯುತ್ತೇನೆ. ನಿನಗೆ ಬೇಡವಾದರೆ ಈ ಭಾಗ ಬಿಟ್ಟು ಕೊನೆಯದನ್ನು ಓದು.

ಈ ವಾರದ ಬಾಟಲಿ ಬರುವ ದಿನ ಅವನು ಮಸ್ಕಿಯಲ್ಲಿ ಅದೇ ಬಸ್ಸು ಹತ್ತಿದ್ದಾನೆ. ಮೆಹರಬಾನು ಬಾಟಲಿಯನ್ನು ತನ್ನ ಸೀಟಿನ ಪಕ್ಕ ನಿಲ್ಲಿಸಿದ್ದಳು. ಅದರ ಮೇಲೆ ನಿನ್ನ ಕೈಬರಹದಲ್ಲಿ ನನ್ನ ಹೆಸರು. ಅವನು ಸಿಂಧನೂರಿನವರೆಗೂ ಅದನ್ನೇ ನೋಡುತ್ತ ಬಂದನಂತೆ. ಇಳಿಯುವಾಗ, "ನಮ್ಮಪ್ಪಗ ನಾನೇ ಒಯ್ದು ಕೊಡ್ತೀನಿ" ಎಂದನಂತೆ. ಅವಳು ಆಧಾರ್ ಕಾರ್ಡು ತೋರಿಸಿಕೊಂಡೇ ಕೊಟ್ಟಿದ್ದಾಳೆ. ಜಾಣೆ.

ಬಾಗಿಲಲ್ಲಿ ಅವನನ್ನು ಕಂಡು ನಿನ್ನ ಅತ್ತೆ, "ಬಾಟ್ಲಿ ಹಿಡಕೊಂಡು ಮನೀಗಿ ಬರಾದು ನಿನಗೇನ್ ಹೊಸಾದಲ್ಲ ಬಿಡು" ಎಂದಳು.

"ಎವ್ವಾ, ಇದು ಅದಲ್ಲ, ಪಾಚಿ."

"ಹಂಗಾರ ಒಳಗ ಬಾ."

ನಾನು ಅವನನ್ನು ಮಾತಾಡಿಸಲಿಲ್ಲ. ಬಾಟಲಿ ಇಸಿದುಕೊಂಡು ಟಬ್ಬಿನ ಮುಂದೆ ಕುಳಿತೆ. ಟಬ್ಬಿನ ಕೇಟೊ ಈಗ ಕುಂಬಳಕಾಯಿಯಷ್ಟಾಗಿದೆ. ಪಂಪಿನ ನೀರಿನ ರಭಸಕ್ಕೆ ನಿಧಾನವಾಗಿ ಹೊರಳುತ್ತದೆ. ಹೊರಳುವುದರಿಂದ ಎಲ್ಲ ಬದಿಗೂ ಬೆಳಕು ಸಿಗುತ್ತದೆ. ಬಾಟಲಿಯ ನೀರನ್ನು ಮೇಲಿನ ತೊಟ್ಟಿಗೆ ಬಿಟ್ಟೆ. ಮೀನು ಪೈಪಿನ ಹಿಂದಿನಿಂದ ಬಂತು. ಅದು ನುಗ್ಗುವುದಿಲ್ಲ, ನಿನಗೆ ಗೊತ್ತು. ರೆಕ್ಕೆ ಬೀಸುತ್ತ ಒಂದೇ ಕಡೆ ತೇಲಿ ನಿಂತು, ತಲೆ ವಾಲಿಸಿ ನೋಡಿ, ಒಂದನ್ನು ಆರಿಸಿ ಕುಕ್ಕುತ್ತದೆ. ಮತ್ತೆ ನೋಡುತ್ತದೆ. ಮತ್ತೆ ಒಂದು. ನನ್ನ ಕಣ್ಣಿಗೆ ಏನೂ ಇಲ್ಲದ ಜಾಗದಲ್ಲಿ ಅದಕ್ಕೆ ಊಟವಿದೆ.

ಮಲ್ಲೇಶ ನಿಂತಿದ್ದವನು ಕುಳಿತ. ಭೂತಗನ್ನಡಿ ಕೇಳಿದ. ಕೊಟ್ಟೆ. ಬಹಳ ಹೊತ್ತು ನೋಡಿದ.

"ಅಪ್ಪಾ, ಇವು ಎಲ್ಲಿಂದ ಬಂದ್ವು?"

"ನೀ ತಂದ ಬಾಟ್ಲಿಯಾಗಿಂದ."

ಭೂತಗನ್ನಡಿಯನ್ನು ಮೀನಿನ ಕಡೆ ತಿರುಗಿಸಿದ. ಆಮೇಲೆ, "ಹೊಟ್ಟಿ ತುಂಬೈತಿ ನೋಡು ಅದರದು" ಎಂದ. ಇನ್ನೂ ಸ್ವಲ್ಪ ಹೊತ್ತಿನ ಮೇಲೆ ಗಾಜಿನ ಕಡೆ ಮುಖ ಮಾಡಿಯೇ, "ಇದನ್ನ ನೋಡು ಬಾ ಅಂತ ದಿನಾ ಕರೀತಿದ್ಲು. ನಾ ಬರ್ತಿರಲಿಲ್ಲ" ಎಂದ.

ಚಹಾ ಕುಡಿದು ಸಂಜೆ ಬಸ್ಸಿಗೆ ಹೋದ. ಕುಡಿದಿರಲಿಲ್ಲ. ಇದಿಷ್ಟು ನಡೆದದ್ದು. ಇದರ ಮೇಲೆ ನನ್ನ ಅಭಿಪ್ರಾಯವೇನೂ ಇಲ್ಲ, ನಿನ್ನ ಅಭಿಪ್ರಾಯ ಕೇಳುವುದೂ ಇಲ್ಲ.

ಕೊನೆಯದು: ಕೇಟೊದ ಮೇಲ್ಭಾಗ ತಿಳಿಹಸಿರಾಗಿದೆ. ಹೆದರಿಕೆಯಾಗಿದೆ. ಮೈಲುತುತ್ತ ಮನೆಯಲ್ಲೇ ಇಟ್ಟಿಲ್ಲ. ಗದ್ದೆಯಿಂದ ಬಂದರೆ ಸ್ನಾನ ಮಾಡದೆ ಟಬ್ಬು ಮುಟ್ಟುವುದಿಲ್ಲ.

ನಿನ್ನ ಮಾವ,
ಮುದುಕಪ್ಪ

———

ಲಿಂಗಸುಗೂರು
12 ಅಕ್ಟೋಬರ್ 2025

ಮಾವಾರಿಗೆ ನಮಸ್ಕಾರ.

ತಿಳಿಹಸಿರಿಗೆ ಹೆದರಬೇಡಿ. ಅದು ತಾಮ್ರದ್ದಲ್ಲ, ಹಸಿವಿನದು. ಕುಂಬಳಕಾಯಿಯಷ್ಟು ಕೇಟೊ, ಮೂರೇ ಮೀನು. ನೀರಿನಲ್ಲಿ ಅದಕ್ಕೆ ತಿನ್ನಲು ಹೊಲಸು ಸಾಲುತ್ತಿಲ್ಲ. ನೀರು ತೀರಾ ತಿಳಿಯಾದರೂ ಅದು ಬಿಳಿಚುತ್ತದೆ. ಕಿತ್ತಳೆ ಮೀನುಗಳಿಗೆ ಇನ್ನೊಂದು ಚಿಟಿಕೆ ಕಾಳು ಹೆಚ್ಚಿಗೆ ಹಾಕಿ. ಉಂಡೆಯ ಅರ್ಧ ಹರಿದು ತೆಗೆಯಿರಿ. ಎರಡು ವಾರದಲ್ಲಿ ಬಣ್ಣ ಬರದಿದ್ದರೆ ಕಬ್ಬಿಣಾಂಶದ ಹನಿಮದ್ದು ಕಳಿಸುತ್ತೇನೆ, ಅದನ್ನೂ ನಾನು ಹೇಳಿದಷ್ಟೇ ಹಾಕಬೇಕು. ಅಂಗಡಿಯ ಗೊಬ್ಬರ ಬೇಡ.

▬▬▬▬▬▬▬▬▬▬▬▬

ಹುಳದ ಬೆನ್ನಿನ ಚೀಲದ ಬಗ್ಗೆ ಕೇಳಿದ್ದಿರಿ. ಆಗ ಉತ್ತರ ಬರೆಯಲಾಗಲಿಲ್ಲ. ಹೌದು, ತತ್ತಿಯೇ. ತಾಯಿ ಅವು ಒಡೆಯುವವರೆಗೆ ಹೊತ್ತು ತಿರುಗುತ್ತದೆ. ಒಂದು ಹುಳ ಬದುಕುವುದೇ ಕೆಲವು ವಾರ. ನೀವು ಈಗ ಟಬ್ಬಿನಲ್ಲಿ ನೋಡುತ್ತಿರುವವು ನಾನು ಕಳಿಸಿದವಲ್ಲ. ಅವುಗಳ ಮೊಮ್ಮಕ್ಕಳು, ತುರ್ವಿಹಾಳದಲ್ಲೇ ಹುಟ್ಟಿದವು. ಸಮುದ್ರ ನೋಡದವರು ನೀವೊಬ್ಬರೇ ಅಲ್ಲ.

ನಿಮ್ಮ
ಅಂಬಿಕಾ

———

ತುರ್ವಿಹಾಳ
30 ನವೆಂಬರ್ 2025

ಚಿ. ಅಂಬಿಕಾಳಿಗೆ,

ಆದೇಶವಾಗಿದೆ. ನೀನೂ ಕೋರ್ಟಿನಲ್ಲಿದ್ದೆಯಾದ್ದರಿಂದ ಇದು ನಿನಗೆ ಸುದ್ದಿಯಲ್ಲ. ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ನೀನು ಹೊರಬಂದಾಗ ನೋಡಿದೆ, ನೀನೂ ನೋಡಿದೆ. ಮಾತಾಡುವ ಜಾಗ ಅದಾಗಿರಲಿಲ್ಲ.

ಲಿಂಗಸುಗೂರಿನಲ್ಲಿ ನಿನಗೆ ಕೆಳಮನೆ ಸಿಕ್ಕಿದೆಯೆಂದು ಮೆಹರಬಾನು ತಿಳಿಸಿದ್ದಾಳೆ. ಅಂದರೆ ತೊಟ್ಟಿಯ ಭಾರ ಹೊರುವ ನೆಲ ನಿನಗಾಯಿತು. ಆದ್ದರಿಂದ ನೀನು ಕೇಳುವ ಮೊದಲೇ ನಾನು ಬರೆಯುತ್ತಿದ್ದೇನೆ. ಮೀನು ನಿನ್ನವು. ಕೇಟೊ ನೀನು ಕಳಿಸಿದ್ದರಿಂದ ಬೆಳೆದದ್ದು, ಅದೂ ನಿನ್ನದೇ. ಗಾಡಿ ಗೊತ್ತು ಮಾಡಲೇ, ಯಾವ ದಿನ ಕಳಿಸಲಿ, ತಿಳಿಸು.

ಟಬ್ಬಿನ ಸ್ಥಿತಿ ವರದಿ ಮಾಡುತ್ತೇನೆ. ಬಣ್ಣ ಕಡುಹಸಿರಿಗೆ ತಿರುಗಿದೆ. ಹುಳ ಎಷ್ಟಿವೆ ಎಂದರೆ, ಸಂಜೆ ದೀಪ ಹಚ್ಚಿದ ಕೂಡಲೇ ಟಬ್ಬಿನ ಗೋಡೆ ಚಲಿಸಿದಂತಾಗುತ್ತದೆ. ಕಳೆದ ವಾರ ಗೋಡೆಯ ಮೇಲೆ ಬಿಳಿಯ ನಕ್ಷತ್ರ ಕಂಡೆ. ಎಳ್ಳಿಗಿಂತ ಸ್ವಲ್ಪ ದೊಡ್ಡದು. ಐದು ಮೊನೆ. ಮರುದಿನ ಅದು ಬೇರೆ ಜಾಗದಲ್ಲಿತ್ತು. ಈಗ ಹಲವು ಇವೆ. ನಾನು ಹಾಕಿಲ್ಲ, ನೀನು ಹಾಕಿದ್ದಾಗಿ ಬರೆದಿಲ್ಲ. ಆ ಒಂದು ಹಿಡಿಯಲ್ಲಿ ಇನ್ನೂ ಏನೇನು ಮಡಚಿಕೊಂಡು ಬಂದಿದೆಯೋ. ನಿನ್ನ ಅತ್ತೆ ಓಣಿಯವರನ್ನೆಲ್ಲ ಕರೆದು ತೋರಿಸುತ್ತಾಳೆ. ಗಂಗಾ ಮುಟ್ಟಲು ಹೋದರೆ, "ಕೈ ತೊಳಿ ಮದಲ. ಗದ್ದಿಯಿಂದ ಬಂದಾಕಿ ನೀ" ಎಂದು ಗದರುತ್ತಾಳೆ. ನಕ್ಷತ್ರ ಹೊಟ್ಟೆಯ ಮೇಲೆ ನಡೆಯುತ್ತದೋ ಕಾಲಿನ ಮೇಲೋ ಎಂದು ನಿನ್ನನ್ನು ಕೇಳಲು ಹೇಳಿದ್ದಾಳೆ.

ತೊಟ್ಟಿ ಕಳಿಸುವ ವಿಷಯ ಅವಳಿಗೆ ಹೇಳಿದೆ. "ಕೇಳಿದ್ರ ಕೊಡ್ರಿ. ಆಕೀದು" ಎಂದಳು. ಆಮೇಲೆ, "ಆಕಿ ಕೇಳಿಲ್ಲಲ್ಲ ಇನ್ನಾ?" ಎಂದಳು.

ಅಕ್ಟೋಬರಿನ ನಿನ್ನ ಕಾಗದದ ನಡುವೆ ಶಾಯಿ ಬಳಿದು ಹೊಡೆದುಹಾಕಿದ ಒಂದು ಸಾಲಿತ್ತು. ಅದನ್ನು ನಾನು ಬೆಳಕಿಗೆ ಹಿಡಿದು ಓದಲಿಲ್ಲ. ಇದು ನಿನಗೆ ಗೊತ್ತಿರಲಿ ಎಂದು ಬರೆದೆ.

ಕೆಳಗೆ ಬರೀ ಹೆಸರು ಬರೆಯುತ್ತಿದ್ದೇನೆ. ಹೆಸರಿನ ಮೇಲೆ ಏನು ಬರೆಯಬೇಕೆಂದು ಆದೇಶದಲ್ಲಿ ಇಲ್ಲ.

ಮುದುಕಪ್ಪ

———

ಲಿಂಗಸುಗೂರು
10 ಡಿಸೆಂಬರ್ 2025

ಮಾವಾರಿಗೆ ನಮಸ್ಕಾರ.

ನಕ್ಷತ್ರ ಕಾಲಿನ ಮೇಲೆ ನಡೆಯುತ್ತದೆ. ಹೊಟ್ಟೆಯ ಕೆಳಗೆ ನೂರಾರು ಕಾಲುಗಳಿವೆ, ಒಂದೊಂದೂ ನೀರು ತುಂಬಿದ ಕೊಳವೆ. ಭೂತಗನ್ನಡಿಯನ್ನು ಟಬ್ಬಿನ ಹೊರಗಿನಿಂದ ಹಿಡಿದರೆ ಕಾಣುವುದಿಲ್ಲ. ಒಂದನ್ನು ಗಾಜಿನ ಲೋಟದಲ್ಲಿ ಟಬ್ಬಿನ ನೀರಿನೊಂದಿಗೆ ಹಾಕಿ ಕೆಳಗಿನಿಂದ ನೋಡಲು ಅತ್ತೆಗೆ ಹೇಳಿ. ನಾನು ಜೀವಶಾಸ್ತ್ರ ಪಾಠ ಮಾಡುವವಳು, ಅದನ್ನು ಮೊದಲ ಸಲ ನೋಡಿದಾಗ ನನಗೆ ಕ್ಲಾಸಿನ ಗಂಟೆಯೂ ಕೇಳಿಸಲಿಲ್ಲ. ಆ ಹಿಡಿಯಲ್ಲಿ ಅದು ಇತ್ತೆಂದು ನನಗೂ ಗೊತ್ತಿರಲಿಲ್ಲ. ನನ್ನ ಕಿಟಕಿಯ ಜಾಡಿಯಲ್ಲಿ ಒಂದೂ ಇಲ್ಲ. ನಿಮ್ಮಲ್ಲಿ ಬೆಳೆದಿವೆ.

ಗಾಡಿ ಬೇಡ. ಹೊಸ ಮನೆಯಲ್ಲಿ ಹೊಸ ತೊಟ್ಟಿ ಕೂರಿಸಿದ್ದೇನೆ, ಆದರೆ ಅದರಲ್ಲಿರುವುದು ಬರೀ ಉಪ್ಪುನೀರು. ಅಲ್ಲಿ ಹುಳ ತುಂಬಲು ತಿಂಗಳುಗಳು ಬೇಕು. ಅದಕ್ಕೆ ಮೊದಲೇ ಸೆರಗಿನ ಮೀನನ್ನು ತಂದರೆ ಹಸಿವಿನಿಂದ ಸಾಯುತ್ತದೆ. ಅದರ ಊಟ ಇರುವುದು ನಿಮ್ಮ ಟಬ್ಬಿನಲ್ಲಿ. ಅದು ಅಲ್ಲಿಯೇ ಇರಲಿ. ನನ್ನ ತೊಟ್ಟಿ ತುಂಬಿದ ಮೇಲೂ ಅಲ್ಲಿಯೇ ಇರಲಿ. ಇದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ನನಗೆ ಬೇಕಾದದ್ದು ಕೇಟೊದ ಅರ್ಧ. ಬಾಟಲಿಯಲ್ಲಿ ಹಿಡಿಸುವುದಿಲ್ಲ, ಬಕೆಟ್ಟು ಬೇಕು. ಮೆಹರಬಾನು ಮೇಲೆ ಅಷ್ಟು ಭಾರ ಹೊರಿಸಲಾರೆ. ನಾನೇ ಬರುತ್ತೇನೆ. ಕಾಲೇಜಿಗೆ ರಜೆ ಇರುವುದು ಭಾನುವಾರ.

ಹೆಸರಿನ ಮೇಲೆ ಏನು ಬರೆಯಬೇಕೆಂದು ಕೇಳಿದ್ದಿರಿ. ನಾನು ಈ ಪತ್ರದ ಮೊದಲ ಸಾಲನ್ನು ಬದಲಿಸಿಲ್ಲ.

ನಿಮ್ಮ
ಅಂಬಿಕಾ

———

ತುರ್ವಿಹಾಳ
17 ಡಿಸೆಂಬರ್ 2025

ಚಿ. ಅಂಬಿಕಾಳಿಗೆ,

ನಿನ್ನ ಅತ್ತೆ ಶೇಖಮ್ಮ ನಕ್ಷತ್ರದ ಕಾಲು ನೋಡಿದ್ದಾಳೆ. ಲೋಟವನ್ನು ತಲೆಯ ಮೇಲೆ ಎತ್ತಿ ಹಿಡಿದು ಕಿಟಕಿಯ ಬೆಳಕಿನಲ್ಲಿ ನೋಡಿದಳು. ಮದುವೆಯಾದ ಮೇಲೆ ಅವಳು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ನೋಡಿಲ್ಲ. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೋಗಿ, ನಕ್ಷತ್ರವನ್ನು ಟಬ್ಬಿಗೆ ಬಿಟ್ಟು ಬಂದು, "ಆಕಿಗಿ ಹೋಳಿಗಿ ಸೇರತಿತ್ತೋ ಕಡಬೋ?" ಎಂದು ಕೇಳಿದಳು. ನನಗೆ ನೆನಪಿಲ್ಲ ಎಂದೆ. "ಪಾಚಿಗಿ ಏನ್ ಸೇರತೈತಿ ಅಂತ ನೆನಪೈತಿ ನಿಮಗ" ಎಂದಳು. ಎರಡನ್ನೂ ಮಾಡುವವಳಿದ್ದಾಳೆ.

ಹೊಸ ಬಕೆಟ್ಟು, ಮುಚ್ಚಳ ಸಮೇತ, ಸಿಂಧನೂರಿನಿಂದ ತಂದಿದ್ದೇನೆ. ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದೆ. ಮಲ್ಲೇಶನಿಗೆ ಆ ದಿನ ಬರಬೇಡವೆಂದು ತಿಳಿಸಿದೆ. "ಆಯ್ತಪಾ" ಎಂದ.

ಭಾನುವಾರ, ಡಿಸೆಂಬರ್ 21. ಲಿಂಗಸುಗೂರಿನ ಮೊದಲ ಬಸ್ಸಿಗೆ ನಾನು ಸಿಂಧನೂರು ನಿಲ್ದಾಣದಲ್ಲಿರುತ್ತೇನೆ. ಊಟವಾದ ಮೇಲೆ ಕೇಟೊವನ್ನು ಎರಡು ಪಾಲು ಮಾಡುವುದು.

ನಿನ್ನ ಮಾವ,
ಮುದುಕಪ್ಪ